ದೋಷ ಎಲ್ಲಿ ಕೂತಿತ್ತು

ತುಮಕೂರಿನಲ್ಲಿ ಪಾಠ ಮಾಡಿಕೊಂಡೇ ಪಿಎಚ್‌ಡಿ ಮಾಡಿದವಳು ನಾನು. ವಿಷಯ, ಹರಿವು ಜೋರಾಗಿದ್ದು ವಿಸರಣ (ತಾನಾಗಿ ಹರಡಿಕೊಳ್ಳುವುದು) ತೀರಾ ಕಡಿಮೆ ಇರುವ ಸಮೀಕರಣಗಳ ದೋಷ ವಿಶ್ಲೇಷಣೆ, ಅಂದರೆ ಕಂಪ್ಯೂಟರ್ ಕೊಡುವ ಉತ್ತರ ನಿಜವಾದದ್ದಕ್ಕಿಂತ ಎಷ್ಟು ತಪ್ಪುತ್ತೆ ಎಂಬ ಲೆಕ್ಕ. ಸಮೀಕರಣದಲ್ಲಿ ವಿಸರಣವನ್ನು ಹೇಳುವ ಎರಡನೇ ಡೆರಿವೇಟಿವ್‌ನ ಮುಂದೆ ಎಪ್ಸಿಲಾನ್ ಎಂಬ ಪುಟ್ಟ ಸಂಖ್ಯೆ ಇರುತ್ತೆ. ನನ್ನ ಮೊದಲ ಉದಾಹರಣೆಯಲ್ಲಿ ಅದು 0.01, ಸಮೀಕರಣದ ಬಲಬದಿ 1, 0 ಮತ್ತು 1 ಎಂಬ ಎರಡೂ ತುದಿಯಲ್ಲಿ ಬೆಲೆ ಸೊನ್ನೆ. ನಿಜವಾದ ಉತ್ತರ 0ಯಿಂದ ನೇರ ಗೆರೆಯ ಹಾಗೆ ಏರುತ್ತಾ ಹೋಗಿ, 1ರ ಹತ್ತಿರ ಬಂದಾಗ ಬಾವಿಗೆ ಬಿದ್ದ ಹಾಗೆ ಸೊನ್ನೆಗೆ ಇಳಿಯುತ್ತೆ. ಆ ಇಳಿಜಾರೇ ಪದರ.

ಮೊದಲು ಸೆಂಟ್ರಲ್ ಡಿಫರೆನ್ಸ್ ಹಾಕಿದೆ, ಅಂದರೆ ಡೆರಿವೇಟಿವ್‌ಗೆ ಬದಲು ಎರಡೂ ಪಕ್ಕದ ಬಿಂದುಗಳ ಬೆಲೆಯ ವ್ಯತ್ಯಾಸ ಬಳಸುವ ವಿಧಾನ. 0ಯಿಂದ 1ರವರೆಗೆ ಹತ್ತು ಭಾಗ ಮಾಡಿದರೆ 0.7, 0.8, 0.9ರಲ್ಲಿ ಬಂದ ಬೆಲೆಗಳು 1.019, 0.365, 1.596. ಹೆಚ್ಚುಕಡಿಮೆ 0.7, 0.8, 0.9 ಎಂದೇ ಬರಬೇಕಿತ್ತು. ಪ್ರೋಗ್ರಾಂ ತಪ್ಪಿರಬೇಕು ಅಂದುಕೊಂಡು ಒಂದು ವಾರ ಅದನ್ನೇ ತಡಕಾಡಿದೆ. ಕೊನೆಗೆ ಕಾಗದದ ಮೇಲೆ ಬಿಡಿಸಿ ನೋಡಿದಾಗ ಒಂದು ಬಿಂದುವಿನಿಂದ ಮುಂದಿನದಕ್ಕೆ ಹೋದಾಗಲೆಲ್ಲ ಗುಣಿಸಿಕೊಳ್ಳುವ, ಮೈನಸ್ 1.5 ಎಂಬ ಅನುಪಾತ ಸಿಕ್ಕಿತು. ಅದರ ಘಾತ ಏರಿದಂತೆ ಚಿಹ್ನೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಗರಗಸದ ಹಲ್ಲು ಬಂದದ್ದು ಅಲ್ಲಿಂದ. ಈ ಸಮೀಕರಣಕ್ಕೆ ಜಾಲದ (ಲೆಕ್ಕ ಹಾಕುವ ಬಿಂದುಗಳ ಸಾಲಿನ) ಹೆಜ್ಜೆ, ಅಂದರೆ ಪಕ್ಕಪಕ್ಕದ ಬಿಂದುಗಳ ಅಂತರ, ಎಪ್ಸಿಲಾನ್‌ನ ಎರಡರಷ್ಟನ್ನು ದಾಟಿದರೆ ಅನುಪಾತ ಋಣವಾಗುತ್ತೆ. ಪ್ರೋಗ್ರಾಂ ಸರಿಯಾಗೇ ಇತ್ತು.

ಆಮೇಲೆ ಅಪ್‌ವಿಂಡ್ ಎಂಬ ವಿಧಾನ. ನಮ್ಮಜ್ಜಿ ಕಣದಲ್ಲಿ ರಾಗಿ ತೂರುವ ಮುಂಚೆ ಒಂದು ಹಿಡಿ ಹೊಟ್ಟು ಮೇಲಿಂದ ಬಿಟ್ಟು ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ನೋಡೋರು. ಈ ವಿಧಾನವೂ ಅಷ್ಟೇ, ಹರಿವಿನ ಲೆಕ್ಕಕ್ಕೆ ಪಕ್ಕದ ಎರಡು ಬಿಂದುಗಳಲ್ಲಿ ಹರಿವು ಬರುವ ಕಡೆಯದನ್ನಷ್ಟೇ ಕೇಳುತ್ತೆ. ಅಲುಗಾಟ ಪೂರ್ತಿ ನಿಂತಿತು. ಹತ್ತು, ಇಪ್ಪತ್ತು, ನಲವತ್ತು ಭಾಗಕ್ಕೆ ಸರಾಸರಿ ದೋಷ 0.0100, 0.0097, 0.0078. ಇಳಿತಾ ಇದೆಯಲ್ಲ ಅಂತ ಖುಷಿಯಿಂದ ಗೈಡ್ ಮೇಡಂಗೆ ತೋರಿಸಿದೆ.

"ಸರಾಸರಿ ಬಿಡಮ್ಮ. ಅತಿ ದೊಡ್ಡ ದೋಷ ಎಷ್ಟು, ಎಲ್ಲಿದೆ?"

"ಅದನ್ನ ಲೆಕ್ಕ ಹಾಕಿಲ್ಲ ಮೇಡಂ."

ಅಲ್ಲೇ ಕೂತು ಹಾಕಿದೆ. 0.091, 0.160, 0.204. ಜಾಲ ಸಣ್ಣದಾದಷ್ಟೂ ದೋಷ ಏರಿತ್ತು! ಮೂರರಲ್ಲೂ ಅದು ಬಲತುದಿಯ ಪಕ್ಕದ ಬಿಂದುವಿನಲ್ಲೇ. ಹತ್ತು ಭಾಗದ ಜಾಲದಲ್ಲಿ ಪದರದೊಳಗೆ ಬಿಂದುವೇ ಇರಲಿಲ್ಲ, ಹಾಗಾಗಿ ದೋಷ ಪೂರ್ತಿ ಕಣ್ಣಿಗೆ ಬಿದ್ದಿರಲಿಲ್ಲ. ಬಿಂದುಗಳು ಪದರದೊಳಗೆ ಕಾಲಿಡುತ್ತಿದ್ದಂತೆ ಅದು ಹೊರಗೆ ಬಂತು. ಅಪ್‌ವಿಂಡ್ ತಾನಾಗಿ ಹೆಜ್ಜೆಯ ಅರ್ಧದಷ್ಟು ವಿಸರಣ ಸೇರಿಸಿಬಿಡುತ್ತೆ. ಇಳಿಜಾರು ಅಗಲವಾಗಿ ಹರಡಿಕೊಳ್ಳುತ್ತೆ. ಎಂಬತ್ತು ಭಾಗಕ್ಕೆ ಹೋದಾಗ 0.158ಕ್ಕೆ ಇಳಿಯಿತು. ಆದರೆ ಎಪ್ಸಿಲಾನ್ ಹತ್ತು ಲಕ್ಷದಲ್ಲಿ ಒಂದಾಗಿದ್ದರೆ ಆ ಇಳಿತ ಕಾಣಲು ಎಷ್ಟು ಬಿಂದು ಬೇಕು, ಯೋಚಿಸಿ.

ದಾರಿ ತೋರಿಸಿದ್ದು ರಷ್ಯಾದ ಗಣಿತಜ್ಞ ಗ್ರಿಗೊರಿ ಶಿಶ್ಕಿನ್ ಅವರ ಜಾಲ. ಅರ್ಧ ಬಿಂದುಗಳನ್ನು ಪದರದೊಳಗೆ ತುರುಕಿ, ಉಳಿದರ್ಧವನ್ನು ಹೊರಗೆ ಹಂಚುವುದು. ಪದರದೊಳಗಿನ ಅಗಲ, ಎಪ್ಸಿಲಾನ್‌ನ ಎರಡರಷ್ಟಕ್ಕೆ ಭಾಗಗಳ ಸಂಖ್ಯೆಯ ನ್ಯಾಚುರಲ್ ಲಾಗ್ ಗುಣಿಸಿದಷ್ಟು. ನಲವತ್ತು ಭಾಗಕ್ಕೆ ಸುಮಾರು 0.074. ಇನ್ನೊಬ್ಬ ಗಣಿತಜ್ಞ ಬಖ್ವಾಲೊವ್ 1969ರಲ್ಲೇ ಇನ್ನೂ ನಯವಾದ ಜಾಲ ಕೊಟ್ಟಿದ್ದರು. ಆದರೂ ಸಾಧನೆ (ಪ್ರೂಫ್) ಬರೆಯಲು ಶಿಶ್ಕಿನ್‌ದೇ ನನಗೆ ಹಿಡಿಸಿತು, ಎರಡೇ ತುಂಡು, ಎರಡರಲ್ಲೂ ಹೆಜ್ಜೆ ಸಮ. ಅದೇ ಅಪ್‌ವಿಂಡ್, ಅದೇ ನಲವತ್ತು ಭಾಗ, ಅತಿ ದೊಡ್ಡ ದೋಷ ಸುಮಾರು 0.060.

ಸಾಧನೆಯಲ್ಲಿ ಹೆಚ್ಚು ದಿನ ತಿಂದದ್ದು ಎರಡು ತುಂಡು ಸೇರುವ ಆ ಒಂದು ಬಿಂದು. ಉತ್ತರವನ್ನು ನಯವಾದ ಭಾಗ, ಪದರದ ಭಾಗ ಅಂತ ಒಡೆದು, ಎರಡಕ್ಕೂ ಬೇರೆಬೇರೆ ಅಂದಾಜು ಬರೆದ ಮೇಲೆಯೇ ಅದು ದಾರಿಗೆ ಬಂತು. ದೋಷದ ಮಿತಿಯಲ್ಲಿ ಎಪ್ಸಿಲಾನ್ ಎಲ್ಲೂ ಉಳಿಯಲಿಲ್ಲ, ಭಾಗಗಳ ಸಂಖ್ಯೆ ಮತ್ತು ಅದರ ಲಾಗ್ ಮಾತ್ರ ಉಳಿದವು. ಅಂದರೆ ಎಪ್ಸಿಲಾನ್ ಎಷ್ಟೇ ಪುಟ್ಟದಾಗಿದ್ದರೂ ಮಿತಿ ಅದೇ. ರಾತ್ರಿ ಹನ್ನೊಂದಕ್ಕೆ ಆ ಸಾಲು ಬರೆದು ಮುಗಿಸಿದಾಗ ಎದ್ದು ಹೋಗಿ ಅಮ್ಮನನ್ನು ಎಬ್ಬಿಸಿ ಹೇಳಿದ್ದೆ.

ಈಗಲೂ ನನ್ನ ಪಟ್ಟಿಗಳಲ್ಲಿ ದೋಷದ ಪಕ್ಕ ಇನ್ನೊಂದು ಕಾಲಂ ಇರುತ್ತೆ: ಯಾವ ಬಿಂದುವಿನಲ್ಲಿ.