ಕಿಟ್ ಸಿಂಥ್ ಸದ್ದು ಮಾಡದಿದ್ದರೆ ಎಲ್ಲಿಂದ ಹುಡುಕಬೇಕು?

ಮನೆಯಲ್ಲೇ ಜೋಡಿಸುವ ಸಿಂಥ್, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಸಿಂಥಸೈಸರ್ ವಾದ್ಯದ ಕಿಟ್‌ನಲ್ಲಿ ಬಂದ ಬಿಡಿಭಾಗಗಳೆಲ್ಲ ಬೋರ್ಡ್ ಮೇಲೆ ಕೂತಾಗಿದೆ. ಬ್ಯಾಟರಿ ಹಾಕಿದರೆ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಸ್ಪೀಕರ್ ಮಾತ್ರ ಚಕಾರ ಎತ್ತುವುದಿಲ್ಲ. ಇಂಥ ಹೊತ್ತಲ್ಲಿ ಕೈ ಸುಮ್ನೆ ಇರುವುದಿಲ್ಲ. ಬೆಸುಗೆಗಳನ್ನೆಲ್ಲ ಇನ್ನೊಂದು ಸಲ ಕಾಯಿಸೋಣ, ಐಸಿಗಳನ್ನೆಲ್ಲ (ಸಾಲು ಕಾಲುಗಳಿರುವ ಕಪ್ಪು ಚಿಪ್‌ಗಳು) ಬದಲಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಮತ್ತೆ ಮತ್ತೆ ಕಾಯಿಸಿದರೆ ಬೋರ್ಡಿನ ತಾಮ್ರ ಎದ್ದು ಬರುತ್ತದೆ. ಒಂದು ದೋಷ ಇದ್ದ ಕಡೆ ಎರಡಾಗುತ್ತದೆ. ಮೊದಲು ತಿಳಿಯಬೇಕಾದ್ದು ಒಂದೇ: ಸದ್ದು ಯಾವ ಭಾಗದವರೆಗೆ ಬಂದು ನಿಂತಿದೆ? ಅದು ಗೊತ್ತಾದರೆ ಪರೀಕ್ಷಿಸಬೇಕಾದ ಬಿಡಿಭಾಗಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ.

ಉದಾಹರಣೆಗೆ 9 ವೋಲ್ಟ್ ಬ್ಯಾಟರಿಯ ಸಣ್ಣ ಸಿಂಥಸೈಸರ್ ಒಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೂರು ಭಾಗ. 555 ಟೈಮರ್ ಐಸಿಯ ಆಸಿಲೇಟರ್ ಸ್ವರ ಹುಟ್ಟಿಸುತ್ತದೆ. ಟಿಎಲ್072 ಆಪ್-ಆ್ಯಂಪ್‌ನ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಐಸಿ) ಫಿಲ್ಟರ್ ಆ ಸ್ವರದ ಬಣ್ಣ, ಅಂದರೆ ನಾದದ ಗುಣ ಬದಲಿಸುತ್ತದೆ. ಎಲ್‌ಎಂ386 ಆಂಪ್ಲಿಫೈಯರ್ ಅದನ್ನು ಸ್ಪೀಕರ್‌ಗೆ ತಲುಪಿಸುತ್ತದೆ. ನಿಮ್ಮ ಕಿಟ್‌ನಲ್ಲಿ ಬೇರೆ ಐಸಿಗಳಿರಬಹುದು, ಹುಡುಕುವ ದಾರಿ ಇದೇ. ಒಂದು ಮಾತು: ಹುಡುಕುವಾಗ ಬ್ಯಾಟರಿಯನ್ನೇ ಬಳಸಿ. ಗೋಡೆಯ ಪ್ಲಗ್‌ನಿಂದ ನೇರವಾಗಿ ಕರೆಂಟ್ ಬರುವ ಬೋರ್ಡ್ ಬಿಚ್ಚಿ ಕೈ ಹಾಕಬೇಡಿ.

ಮೊದಲು ಕಣ್ಣು, ಆಮೇಲೆ ಮಲ್ಟಿಮೀಟರ್

ಬ್ಯಾಟರಿ ತೆಗೆದು, ಒಳ್ಳೆಯ ಬೆಳಕಿನಲ್ಲಿ ಬೋರ್ಡನ್ನು ತಿರುಗಿಸಿ ನೋಡಿ. ಸರಿಯಾದ ಬೆಸುಗೆ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಉಂಡೆಯಂತೆ ಮೇಲೆ ಕೂತಿದ್ದರೆ, ಸುತ್ತ ಉಂಗುರದಂಥ ಬಿರುಕು ಕಂಡರೆ ಅದು ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಅದೊಂದನ್ನು ಮಾತ್ರ ಕಾಯಿಸಿ, ಚೂರು ಹೊಸ ಸೋಲ್ಡರ್ ಕೊಡಿ. ಅಕ್ಕಪಕ್ಕದ ಎರಡು ಬಿಂದುಗಳು ಸೇರಿಕೊಂಡಿವೆಯೇ ಎಂದೂ ನೋಡಿ.

ಇನ್ನು ಮೇಲ್ಭಾಗ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೈಮೇಲೆ ಪಟ್ಟೆ ಇರುವ ಕಡೆ ಮೈನಸ್. ಐಸಿಯ ಕಚ್ಚು ಬೋರ್ಡ್ ಮೇಲಿನ ಚಿತ್ರದ ಕಚ್ಚಿಗೆ ಹೊಂದಬೇಕು. ಐಸಿಯ ಒಂದು ಕಾಲು ಸಾಕೆಟ್‌ಗೆ ಇಳಿಯದೆ ಅಡಿಯಲ್ಲಿ ಮಡಚಿಕೊಳ್ಳುವುದು ಜಾಸ್ತಿ. ಮೇಲಿನಿಂದ ಅದು ಕಾಣುವುದೇ ಇಲ್ಲ, ಹಾಗಾಗಿ ಓರೆಯಾಗಿ ನೋಡಿ. ರೆಸಿಸ್ಟರ್‌ನಲ್ಲಿ ಕಂದು-ಕಪ್ಪು-ಕೆಂಪು ಅಂದರೆ 1 ಕಿಲೋ ಓಮ್, ಕಂದು-ಕಪ್ಪು-ಕಿತ್ತಳೆ ಅಂದರೆ 10 ಕಿಲೋ ಓಮ್. ಹಳದಿ ಬಲ್ಬಿನ ಬೆಳಕಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಗೊತ್ತಾಗುವುದಿಲ್ಲ. ಸೆರಾಮಿಕ್ ಕೆಪಾಸಿಟರ್ ಮೇಲೆ 103 ಎಂದಿದ್ದರೆ 10 ನ್ಯಾನೋ ಫ್ಯಾರಡ್, 104 ಎಂದಿದ್ದರೆ 100. ಇವು ಅದಲುಬದಲಾದರೆ ಸ್ವರ ಹತ್ತು ಪಟ್ಟು ಕೆಳಗಿಳಿಯುತ್ತದೆ, ಇಲ್ಲವೇ ಮೇಲೇರುತ್ತದೆ.

ರೆಸಿಸ್ಟರನ್ನು ಬೋರ್ಡ್ ಮೇಲಿದ್ದಂತೆಯೇ ಅಳೆದರೆ ಅಕ್ಕಪಕ್ಕದ ದಾರಿಗಳೂ ಸೇರಿ ಬೆಲೆ ಕಡಿಮೆ ತೋರಿಸಬಹುದು. ಅದಕ್ಕೆ ಗಾಬರಿ ಬೇಡ. ಬ್ಯಾಟರಿ ತೆಗೆದು, ಕೆಪಾಸಿಟರ್‌ಗಳ ಚಾರ್ಜ್ ಇಳಿದ ಮೇಲೂ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ, ತಪ್ಪು ರೆಸಿಸ್ಟರ್ ಕೂತಿದೆ ಅಥವಾ ಬೆಸುಗೆ ಹಿಡಿದಿಲ್ಲ.

ಸಪ್ಲೈ ಸರಿ ಇದೆಯೇ?

ಬ್ಯಾಟರಿ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ತಂತಿ ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ ಸೇರಿದ ಬಿಂದುವಿಗೆ. ಕೆಂಪು ಮೊನೆಯನ್ನು ಬೋರ್ಡಿನ ತಾಮ್ರಕ್ಕಲ್ಲ, ಐಸಿಯ ಕಾಲಿಗೇ ಮುಟ್ಟಿಸಿ. ಸಾಕೆಟ್ ಹಿಡಿದಿಲ್ಲದಿದ್ದರೆ ಅದು ಗೊತ್ತಾಗುವುದು ಹೀಗೆ ಮಾತ್ರ. ಐಸಿಯ ಕಚ್ಚು ಮೇಲಿರುವಂತೆ ನೋಡಿದರೆ ಎಡಗಡೆ ಮೇಲಿನದು 1ನೇ ಕಾಲು; ಎಡಗಡೆ ಕೆಳಗಿಳಿದು, ಬಲಗಡೆ ಮೇಲೇರುತ್ತಾ ಎಣಿಸಿ. 555ರಲ್ಲಿ 8ನೇ ಕಾಲು, ಟಿಎಲ್072ರಲ್ಲಿ 8, ಎಲ್‌ಎಂ386ರಲ್ಲಿ 6. ಮೂರರಲ್ಲೂ 9ರ ಹತ್ತಿರ ಬರಬೇಕು. ಹೊಸ ಬ್ಯಾಟರಿ ಹಾಕಿದ್ದೂ 5 ವೋಲ್ಟ್‌ಗೆ ಇಳಿದಿದ್ದರೆ ಎಲ್ಲೋ ಶಾರ್ಟ್ ಆಗಿದೆ. ತಕ್ಷಣ ಬ್ಯಾಟರಿ ತೆಗೆಯಿರಿ. ಯಾವ ಐಸಿ ಬಿಸಿಯಾಗಿದೆಯೋ ಅದು ತಿರುಗುಮುರುಗಾಗಿ ಕೂತಿರುವ ಸಾಧ್ಯತೆ ಹೆಚ್ಚು.

ಹಿಂದಿನಿಂದ ಮುಂದಕ್ಕೆ

ಈಗ ಸ್ಪೀಕರ್ ಕಡೆಯಿಂದ ಶುರು ಮಾಡಿ. ಎಲ್‌ಎಂ386ರ 5ನೇ ಕಾಲಿನಲ್ಲಿ ಸಪ್ಲೈಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. ವಾಲ್ಯೂಮ್ ಏರಿಸಿ, ಅದರ 3ನೇ ಕಾಲಿಗೆ ಸ್ಕ್ರೂಡ್ರೈವರ್‌ನ ಲೋಹ ಹಿಡಿದು ಮುಟ್ಟಿಸಿ. 'ಗುಂಯ್' ಎಂದೋ 'ಟಪ್' ಎಂದೋ ಕೇಳಿದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡೂ ಚೆನ್ನಾಗಿವೆ. ಅತ್ತ ಮತ್ತೆ ತಲೆ ಹಾಕಬೇಡಿ.

ಮುಂದಿನ ಪರೀಕ್ಷೆಗೆ ಒಂದು ಸಲಕರಣೆ ಮಾಡಿಕೊಳ್ಳಿ. 100 ಕಿಲೋ ಓಮ್ ರೆಸಿಸ್ಟರ್ ಮತ್ತು 104 ಕೆಪಾಸಿಟರ್ ಒಂದರ ಹಿಂದೊಂದು ಜೋಡಿಸಿ. ಅದನ್ನು ಬ್ಯಾಟರಿಯ ಪುಟ್ಟ ಸ್ಪೀಕರ್‌ನ ಆಕ್ಸ್ (ಹೊರಗಿನ ಸದ್ದು ಒಳಗೆ ಕೊಡುವ) ತಂತಿಯ ತುದಿಗೆ ಕಟ್ಟಿ. ಆ ತಂತಿಯ ಗ್ರೌಂಡ್ ಬೋರ್ಡಿನ ಗ್ರೌಂಡ್‌ಗೆ. ಕೆಪಾಸಿಟರ್ ಡಿಸಿ ವೋಲ್ಟೇಜನ್ನು ತಡೆದು ಸದ್ದನ್ನಷ್ಟೇ ಬಿಡುತ್ತದೆ. ಈಗ ಬೋರ್ಡಿನ ಯಾವ ಬಿಂದು ಮುಟ್ಟಿದರೂ ಅಲ್ಲಿ ಓಡುತ್ತಿರುವುದು ಕಿವಿಗೇ ಕೇಳುತ್ತದೆ. ಅಲೆಗಳನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲ ಎಂದು ಕೊರಗಬೇಕಿಲ್ಲ, ಸಂಗೀತದ ಸರ್ಕ್ಯೂಟ್‌ಗೆ ಬಹಳಷ್ಟು ಕಡೆ ಕಿವಿಯೇ ಸಾಕು.

555ರ 3ನೇ ಕಾಲು ಮುಟ್ಟಿ. ಸ್ವರ ಕೇಳಿದರೆ ದೋಷ ಫಿಲ್ಟರ್‌ನಲ್ಲಿದೆ. ಕೇಳದಿದ್ದರೆ ಆಸಿಲೇಟರ್‌ನಲ್ಲೇ.

ಆಸಿಲೇಟರ್ ಮೌನವಾಗಿದ್ದರೆ

ಮೊದಲು 4ನೇ ಕಾಲು ನೋಡಿ. ಅದು ರೀಸೆಟ್. ಅಲ್ಲಿ 9 ವೋಲ್ಟ್ ಇಲ್ಲದೆ ಸೊನ್ನೆ ಇದ್ದರೆ ಐಸಿ ಎಷ್ಟೇ ಚೆನ್ನಾಗಿದ್ದರೂ ಬಾಯಿ ಬಿಡುವುದಿಲ್ಲ. ಆಮೇಲೆ 2 ಮತ್ತು 6. ಇವೆರಡೂ ಸೇರಿಕೊಂಡಿರಬೇಕು. ಬ್ಯಾಟರಿ ತೆಗೆದು, ಮೀಟರನ್ನು ಕಂಟಿನ್ಯುಟಿಗೆ (ಎರಡು ಬಿಂದು ಸೇರಿದ್ದರೆ ಸದ್ದು ಮಾಡುವ ಸೆಟ್ಟಿಂಗ್) ತಿರುಗಿಸಿ ಬೀಪ್ ಬರುತ್ತದೆಯೇ ನೋಡಿ.

ಈ ಜೋಡಿ ಕಾಲಿನಲ್ಲಿರುವ ಕೆಪಾಸಿಟರ್ ಸಪ್ಲೈಯ ಮೂರನೇ ಒಂದು ಭಾಗ ಮತ್ತು ಮೂರನೇ ಎರಡು ಭಾಗದ ನಡುವೆ, ಅಂದರೆ 3 ಮತ್ತು 6 ವೋಲ್ಟ್ ನಡುವೆ, ತುಂಬುತ್ತಾ ಖಾಲಿಯಾಗುತ್ತಾ ಇರಬೇಕು. ಆದರೆ ಸೆಕೆಂಡಿಗೆ ನೂರಾರು ಸಲ ಆಗುವುದನ್ನು ಮೀಟರ್ ಹಿಡಿಯಲಾರದು. ಅದಕ್ಕೊಂದು ಒಳ್ಳೆಯ ಉಪಾಯವಿದೆ. 10 ಮೈಕ್ರೋ ಫ್ಯಾರಡ್ ಕೆಪಾಸಿಟರನ್ನು ಮೈನಸ್ ಕಾಲು ಗ್ರೌಂಡ್ ಕಡೆ ಬರುವಂತೆ ಆ ಸಣ್ಣ ಕೆಪಾಸಿಟರ್‌ಗೆ ಸಮಾನಾಂತರವಾಗಿ ಹಿಡಿಯಿರಿ. 10 ಕಿಲೋ, 100 ಕಿಲೋ ರೆಸಿಸ್ಟರ್‌ಗಳು ಮತ್ತು 103 ಕೆಪಾಸಿಟರ್ ಇದ್ದ ಸರ್ಕ್ಯೂಟ್ ಸುಮಾರು 690 ಹರ್ಟ್ಸ್‌ನಿಂದ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಸುತ್ತಿಗೆ ಇಳಿಯುತ್ತದೆ. ಮೀಟರ್‌ನಲ್ಲಿ ಅಂಕಿ ಹತ್ತಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹೀಗೆ ಹತ್ತಿಳಿದರೆ ಐಸಿ, ರೆಸಿಸ್ಟರ್ ಎಲ್ಲ ಸರಿ. ಮೊದಲಿನ ಸಣ್ಣ ಕೆಪಾಸಿಟರ್ ಅಥವಾ ಅದರ ಬೆಸುಗೆ ಹಾಳು. ಸೊನ್ನೆಯಲ್ಲೇ ನಿಂತರೆ ಚಾರ್ಜ್ ಬರುವ ರೆಸಿಸ್ಟರ್ ದಾರಿ ತುಂಡಾಗಿರಬಹುದು. 9ಕ್ಕೆ ಏರಿ ಅಲ್ಲೇ ಕೂತರೆ ಖಾಲಿ ಮಾಡಬೇಕಾದ 7ನೇ ಕಾಲಿನ ಬೆಸುಗೆ ನೋಡಿ.

ಫಿಲ್ಟರ್‌ನಲ್ಲಿ ಸದ್ದು ನಿಂತರೆ

ಒಂದೇ ಬ್ಯಾಟರಿಯಲ್ಲಿ ಓಡುವ ಆಪ್-ಆ್ಯಂಪ್‌ಗೆ 4.5 ವೋಲ್ಟ್‌ನ ನಡು ಬಿಂದು ಬೇಕು. ಎರಡು ಸಮಾನ ರೆಸಿಸ್ಟರ್‌ಗಳು ಸೇರುವ ಕಡೆ ಅದನ್ನು ಅಳೆಯಿರಿ. ಅಲ್ಲಿ 9 ಅಥವಾ ಸೊನ್ನೆ ಬಂದರೆ ಆ ಎರಡರಲ್ಲಿ ಒಂದು ಹಿಡಿದಿಲ್ಲ. ಸರಿಯಿದ್ದರೆ 1 ಮತ್ತು 7ನೇ ಕಾಲು, ಅಂದರೆ ಔಟ್‌ಪುಟ್‌ಗಳನ್ನು ನೋಡಿ. ಅಲ್ಲೂ 4.5ರ ಸುತ್ತಮುತ್ತ ಇರಬೇಕು.

7.5ರಷ್ಟು ಮೇಲೋ 1.5ರಷ್ಟು ಕೆಳಗೋ ಅಂಟಿಕೊಂಡಿದ್ದರೆ ತಕ್ಷಣ ಐಸಿಯನ್ನು ದೂರಬೇಡಿ. ಅದರ ಎರಡು ಇನ್‌ಪುಟ್ ಹೋಲಿಸಿ. 1ನೇ ಕಾಲಿನ ಔಟ್‌ಪುಟ್‌ಗೆ 3ನೇ ಕಾಲು ಪ್ಲಸ್ ಇನ್‌ಪುಟ್, 2ನೇದು ಮೈನಸ್. 7ಕ್ಕೆ 5 ಪ್ಲಸ್, 6 ಮೈನಸ್. ಪ್ಲಸ್ ಹೆಚ್ಚಿದ್ದು ಔಟ್‌ಪುಟ್ ಮೇಲಿದ್ದರೆ ಐಸಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಔಟ್‌ಪುಟ್‌ನಿಂದ ಮೈನಸ್‌ಗೆ ವಾಪಸ್ ಬರುವ ರೆಸಿಸ್ಟರ್ ದಾರಿ ಕಡಿದಿದೆ. ಪ್ಲಸ್ ಹೆಚ್ಚಿದ್ದೂ ಔಟ್‌ಪುಟ್ ಕೆಳಗಿದ್ದರೆ ಆಗ ಐಸಿ ಬದಲಿಸಿ.

ಅಳೆಯುವಾಗ ಮೀಟರ್ ಕೂಡ ಸರ್ಕ್ಯೂಟ್‌ನ ಭಾಗವಾಗುತ್ತದೆ. ಕೆಲವು ಸಣ್ಣ ಮೀಟರ್‌ಗಳ ಒಳ ರೆಸಿಸ್ಟೆನ್ಸ್ 1 ಮೆಗಾ ಓಮ್ ಅಷ್ಟೇ. 1 ಮೆಗಾ ಓಮ್ ರೆಸಿಸ್ಟರ್ ಮೂಲಕ ಬರುವ 4.5 ವೋಲ್ಟನ್ನು ಅಂಥ ಮೀಟರ್ 2.25 ಎಂದು ತೋರಿಸುತ್ತದೆ. ಅದು ದೋಷವಲ್ಲ.

ಸದ್ದು ಬಂದ ಮೇಲೂ ಕೆಲವೊಮ್ಮೆ ಬಂದು ಬಂದು ಹೋಗಬಹುದು. ಆಗ ಬ್ಯಾಟರಿ ಹಾಕಿದ್ದಂತೆಯೇ, ಮರದ ಕಡ್ಡಿಯಿಂದ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಯಾವುದನ್ನು ತಟ್ಟಿದಾಗ ಸ್ವರ ಕಡಿಯುತ್ತದೋ, ಬ್ಯಾಟರಿ ತೆಗೆದು ಅದರ ಕಾಲುಗಳನ್ನಷ್ಟೇ ಮತ್ತೆ ಬೆಸೆಯಿರಿ.