ಪಾಂಡವಪುರದ ಮತಗಟ್ಟೆ ಲೆಕ್ಕವನ್ನು ನಾನು ಓದಿದ ಬಗೆ

ಮಂಡ್ಯ ಜಿಲ್ಲೆಯ ಪಾಂಡವಪುರದಂಥ ಸಣ್ಣ ಪಟ್ಟಣದ ರಾಜಕೀಯ ಒಲವನ್ನು ಪಕ್ಷಗಳ ಹೆಸರಿನಿಂದಲೇ ಅಳೆಯಲು ಹೊರಟವರಿಗೆ ಮೊದಲ ತೊಡಕು ಎದುರಾಗುವುದು ಫಲಿತಾಂಶದ ಪಟ್ಟಿಯಲ್ಲಿ. ಈ ಪಟ್ಟಣವಿರುವ ಮೇಲುಕೋಟೆ ವಿಧಾನಸಭಾ ಕ್ಷೇತ್ರದಲ್ಲಿ 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯೇ ಇರಲಿಲ್ಲ; ಆ ಪಕ್ಷವು ರೈತಸಂಘದ ಹಿನ್ನೆಲೆಯ ದರ್ಶನ್ ಪುಟ್ಟಣ್ಣಯ್ಯ ಅವರನ್ನು ಬೆಂಬಲಿಸಿತ್ತು. ಅವರು ಸಹ ಮೊದಲ ಸಲ ಸ್ವರಾಜ್ ಇಂಡಿಯಾದಿಂದಲೂ ಎರಡನೆಯ ಸಲ ಸರ್ವೋದಯ ಕರ್ನಾಟಕ ಪಕ್ಷದಿಂದಲೂ ನಿಂತವರು. ಪಕ್ಷವಾರು ಕೂಡಿಸುತ್ತ ಹೋದರೆ ಕಾಂಗ್ರೆಸ್ಸಿನ ಮತ ಇಲ್ಲಿ ಸೊನ್ನೆ ಎಂಬ ಹಾಸ್ಯಾಸ್ಪದ ಉತ್ತರ ಬರುತ್ತದೆ. ಆದ್ದರಿಂದ ನಾನು ಕೋಷ್ಟಕದಲ್ಲಿ ಪಕ್ಷದ ಕಾಲಂ ತೆಗೆದುಹಾಕಿ, ಊರಿನವರು ಮಾತನಾಡುವಂತೆಯೇ ‘ದಳ’ (ಜೆಡಿಎಸ್), ‘ದಳಕ್ಕೆ ಎದುರು ನಿಂತವರು’, ‘ಉಳಿದವರು’ ಎಂದು ಮೂರು ಪಾಲು ಮಾಡಿಕೊಂಡೆ.

ಮತಗಟ್ಟೆವಾರು ಮತಗಳು ಸಿಗುವುದು ಫಾರಂ 20 ಎಂಬ ಅಂತಿಮ ಫಲಿತಾಂಶದ ಹಾಳೆಯಲ್ಲಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದು ದೊರೆಯುತ್ತದೆ, ಆದರೆ ಬಹುಪಾಲು ಸ್ಕ್ಯಾನ್ ಮಾಡಿದ ಹಾಳೆಗಳಾಗಿರುವುದರಿಂದ ಅಂಕಿಗಳನ್ನು ಕೈಯಾರೆ ಟೈಪ್ ಮಾಡಿ, ಪ್ರತಿ ಸಾಲಿನ ಮೊತ್ತವನ್ನು ಮತ್ತೆ ಕೂಡಿ ತಾಳೆ ನೋಡಬೇಕಾಯಿತು. ನಿಜವಾದ ಶ್ರಮವಿರುವುದು ಅದರ ನಂತರ. ಒಂದು ಚುನಾವಣೆಯಲ್ಲಿದ್ದ ಮತಗಟ್ಟೆಯ ಸಂಖ್ಯೆಯೇ ಮುಂದಿನದರಲ್ಲಿ ಅದೇ ಬೀದಿಗಳನ್ನು ಸೂಚಿಸುತ್ತದೆಂಬ ಭರವಸೆಯಿಲ್ಲ. ಮತದಾರರು ಹೆಚ್ಚಾದಾಗ ಮತಗಟ್ಟೆಯನ್ನು ಒಡೆಯುತ್ತಾರೆ, ಸಂಖ್ಯೆಗಳು ಮುಂದಕ್ಕೆ ಸರಿಯುತ್ತವೆ. ಹೀಗಾಗಿ ಆಯಾ ವರ್ಷದ ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ಬೀದಿಗಳ ಹೆಸರನ್ನು ಓದಿ, ಒಂದೇ ಬೀದಿಗಳಿಗೆ ಸೇರಿದ ಮತಗಟ್ಟೆಗಳನ್ನು ಗುಂಪು ಮಾಡಿ ಹೋಲಿಸಿದೆ. ಒಂದೊಂದನ್ನೇ ಹೋಲಿಸುವ ಆಸೆಯನ್ನು ಬಿಡುವುದು ಲೇಸು.

2018ರಲ್ಲಿ ದಳದ ಸಿ.ಎಸ್. ಪುಟ್ಟರಾಜು ಅವರು 22 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಆ ಸಲ ಮಂಡ್ಯ ಜಿಲ್ಲೆಯ ಏಳೂ ಸ್ಥಾನಗಳು ದಳದ ಪಾಲಾದವು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಜಿಲ್ಲೆಯು ದಳ ಮತ್ತು ಕಾಂಗ್ರೆಸ್ ಸೇರಿ ನಿಲ್ಲಿಸಿದ ಅಭ್ಯರ್ಥಿಯನ್ನು ಸೋಲಿಸಿ, ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. 2023ರಲ್ಲಿ ಮೇಲುಕೋಟೆಯಲ್ಲಿ ದರ್ಶನ್ ಗೆದ್ದರು, ಜಿಲ್ಲೆಯಲ್ಲಿ ದಳಕ್ಕೆ ಉಳಿದದ್ದು ಕೆ.ಆರ್. ಪೇಟೆ ಒಂದೇ, 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಜೊತೆಗೂಡಿದ ದಳದ ಎಚ್.ಡಿ. ಕುಮಾರಸ್ವಾಮಿ 2.84 ಲಕ್ಷ ಮತಗಳ ಅಂತರದಿಂದ ಗೆದ್ದರು. ಐದಾರು ವರ್ಷಗಳ ನಾಲ್ಕು ಚುನಾವಣೆಗಳಲ್ಲಿ ಅತ್ತಿತ್ತ ಹೊರಳಿದ ಈ ಮತವನ್ನು ‘ಚಂಚಲ’ ಎನ್ನುವುದು ನಗರದವರ ಆತುರವೆಂದು ನನ್ನ ಅಭಿಪ್ರಾಯ.

ಮತ ಹೊರಳಿದ್ದಂತೂ ನಿಜ, ಅದಕ್ಕೊಂದು ಗಟ್ಟಿ ಆಧಾರವಿದೆ. 2023ರಲ್ಲಿ ಮೇಲುಕೋಟೆಯ ಮತದಾನ ಶೇ 90ನ್ನು ದಾಟಿತ್ತು, ರಾಜ್ಯದ ಸರಾಸರಿಯಾದರೋ ಶೇ 73ರ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಿ ಯಾರು ಮತಗಟ್ಟೆಗೆ ಬಂದರು, ಯಾರು ಮನೆಯಲ್ಲೇ ಉಳಿದರು ಎಂಬುದರಿಂದಲೇ ಫಲಿತಾಂಶ ಬದಲಾಗಬಹುದು. ಇಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ದುಡಿಯುವವರೂ ಹಿಂದಿನ ರಾತ್ರಿಯೇ ಬಸ್ಸು ಹಿಡಿದು ಬರುತ್ತಾರೆ. ಇಷ್ಟು ಮಂದಿ ಮತ ಹಾಕುವ ಕಡೆ ಅಂತರ ಬದಲಾಯಿತೆಂದರೆ, ಮತ ಹಾಕಿದವರೇ ಈಚೆಯಿಂದ ಆಚೆಗೆ ಸರಿದಿದ್ದಾರೆ ಎಂದೇ ಬಹುಮಟ್ಟಿಗೆ ತಿಳಿಯಬಹುದು.

ಏಕೆ ಸರಿದರು ಎಂಬುದನ್ನು ಅಂಕಿಗಳು ಹೇಳುವುದಿಲ್ಲ. ಅದಕ್ಕಾಗಿ ನಾನು ಬೆಳಗ್ಗೆ ಹಾಲಿನ ಡೈರಿಯ ಹತ್ತಿರ ನಿಲ್ಲುತ್ತಿದ್ದೆ. ‘ಯಾರಿಗೆ ಹಾಕಿದಿರಿ’ ಎಂದು ಯಾರನ್ನೂ ಕೇಳಲಿಲ್ಲ. ‘ಈ ಸಲ ನಿಮ್ಮ ಕಡೆ ಗಾಳಿ ಹೇಗಿತ್ತು’ ಎಂದು ಕೇಳಿದರೆ ಜನ ತಮ್ಮ ಬೀದಿಯದನ್ನು ಬಿಟ್ಟು ಪಕ್ಕದ ಬೀದಿಯದನ್ನು ಧಾರಾಳವಾಗಿ ಹೇಳುತ್ತಾರೆ. ಹಾಲು ಅಳೆಸಿ ಚೀಟಿಯನ್ನು ಜೇಬಿಗಿಟ್ಟುಕೊಳ್ಳುತ್ತಿದ್ದ ಹಿರಿಯರೊಬ್ಬರು, ವಿಧಾನಸಭೆಗೆ ಒಂದು ಕಡೆ, ಲೋಕಸಭೆಗೆ ಇನ್ನೊಂದು ಕಡೆ ಏಕೆ ಎಂಬ ನನ್ನ ಪ್ರಶ್ನೆಗೆ, “ಅದು ಬ್ಯಾರೆ ಎಲೆಕ್ಷನ್ ಸಾ, ಇದು ಬ್ಯಾರೆ. ಡೈರಿ ಎಲೆಕ್ಷನ್ ಇನ್ನೂ ಬ್ಯಾರೆ” ಎಂದರು. ನಾಲೆಯ ನೀರು, ಕಬ್ಬಿನ ಬಾಕಿ, ಸಕ್ಕರೆ ಕಾರ್ಖಾನೆಯ ವಿಷಯಕ್ಕೆ ಶಾಸಕರನ್ನು ಹಿಡಿಯಬೇಕು. ಸಂಸದರ ಆಯ್ಕೆಯಲ್ಲಿ ಮನೆತನ, ಅಭಿಮಾನ, ದಿಲ್ಲಿಯ ಸರ್ಕಾರ ಎಲ್ಲವೂ ಸೇರುತ್ತವೆ. ಪಕ್ಷದ ಚಿಹ್ನೆಯಿಲ್ಲದ ಗ್ರಾಮ ಪಂಚಾಯಿತಿ ಮತ್ತು ಸಹಕಾರ ಸಂಘದ ಚುನಾವಣೆಗಳಲ್ಲಿ ನೆಂಟಸ್ತನವೂ ಸಾಲದ ಮಂಜೂರಾತಿಯೂ ಮುಖ್ಯವಾಗುತ್ತವೆ.

ಜಾತಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಕ್ಕಲಿಗರು ಹೆಚ್ಚಿರುವ ಮತಗಟ್ಟೆಯಲ್ಲಿ ದಳಕ್ಕೆ ಹೆಚ್ಚು ಮತ ಬಿದ್ದರೆ, ಅಲ್ಲಿಯ ಒಕ್ಕಲಿಗರೇ ಹಾಕಿದರೆಂದು ಆ ಸಾಲೊಂದರಿಂದ ಸಾಧಿಸಲಾಗದು. ಅದೂ ಅಲ್ಲದೆ, ಇಲ್ಲಿ ಎರಡು ಕಡೆಯ ಪ್ರಮುಖ ಅಭ್ಯರ್ಥಿಗಳೂ ಅದೇ ಸಮುದಾಯದವರಾಗಿರುವಾಗ ಜಾತಿಯೊಂದೇ ಏನನ್ನೂ ವಿವರಿಸುವುದಿಲ್ಲ.

ಕೋಷ್ಟಕ ಮುಗಿದ ಮೇಲೆ ಸ್ಥಳೀಯ ಮುಖಂಡರೊಬ್ಬರು ಬೀದಿವಾರು ಪ್ರತಿಯೊಂದನ್ನು ಕೇಳಿದರು. ಸಾವಿರಕ್ಕೂ ಕಡಿಮೆ ಮತಗಳಿರುವ ಮತಗಟ್ಟೆಯಲ್ಲಿ ಯಾವ ಬೀದಿ ‘ಕೈ ಕೊಟ್ಟಿತು’ ಎಂದು ಗುರುತಿಸುವುದು ಸುಲಭ, ಆಮೇಲೆ ಆ ಬೀದಿಯ ಚರಂಡಿ ಕೆಲಸ ಹಿಂದಕ್ಕೆ ಬೀಳುವುದೂ ಅಷ್ಟೇ ಸುಲಭ. ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗವೇ ಬಹಳ ಹಿಂದೆ ಸೂಚಿಸಿದ್ದು ಈ ಭಯದಿಂದಲೇ, ಆದರೆ ಅದು ಜಾರಿಗೆ ಬಂದಿಲ್ಲ. ಹಾಗಾಗಿ ಆ ಮುಖಂಡರಿಗೆ ಪಟ್ಟಣದ ಒಟ್ಟು ಲೆಕ್ಕವನ್ನು ಮಾತ್ರ ಕೊಟ್ಟೆ.