ಮಿನಿಮ್ಯಾಪ್ ಆಫ್ ಮಾಡಿ ಹೈರೂಲ್ ಸುತ್ತಿದೆ

'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟದ ಸೆಟ್ಟಿಂಗ್ಸ್ ಒಳಗೆ 'ಪ್ರೊ' ಅಂತ ಒಂದು ಆಯ್ಕೆ ಇದೆ. ಅದನ್ನು ಆರಿಸಿದರೆ ಪರದೆಯ ಮೂಲೆಯಲ್ಲಿರುವ ಪುಟ್ಟ ಮ್ಯಾಪ್, ಚಳಿ-ಸೆಕೆ ತೋರಿಸುವ ಮುಳ್ಳು, ಹೆಜ್ಜೆ ಸದ್ದಿನ ಅಳತೆ ಎಲ್ಲ ಮಾಯ. ಜೀವ ತೋರಿಸುವ ಹೃದಯಗಳು ಮಾತ್ರ ಉಳಿಯುತ್ತವೆ. ನಾನು ಶುರುವಿನಲ್ಲೇ ಇದನ್ನು ಹಾಕಿಕೊಂಡೆ. ಈ ಆಟದಲ್ಲಿ ನನಗೆ ಸಿಕ್ಕ ಒಳ್ಳೊಳ್ಳೆ ಗಳಿಗೆಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಬಂದದ್ದು ಅಂತ ಈಗಲೂ ನಂಬಿದ್ದೇನೆ.

ಆಡದವರಿಗೆ ಎರಡು ಮಾತು. ನಿಂಟೆಂಡೊದ ಈ ಆಟ 2017ರ ಮಾರ್ಚ್ 3ರಂದು ಸ್ವಿಚ್ ಮತ್ತು ವೀ ಯೂ ಎಂಬ ಅವರದೇ ಗೇಮ್ ಯಂತ್ರಗಳೆರಡರಲ್ಲೂ ಬಂತು. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ, ನಿರ್ಮಾಪಕ ಎಜಿ ಅವೊನುಮಾ. ಹೈರೂಲ್ ಎಂಬ ನಾಡಿನಲ್ಲಿ ನಾಯಕ ಲಿಂಕ್ ನೂರು ವರ್ಷ ನಿದ್ದೆ ಮಾಡಿ ಏಳುತ್ತಾನೆ. ಹಿಂದಿನದು ಏನೂ ನೆನಪಿಲ್ಲ. ರಾಜಕುಮಾರಿ ಜೆಲ್ಡಾ ಅಷ್ಟೂ ಕಾಲ ಕೋಟೆಯೊಳಗೆ ಗ್ಯಾನನ್ ಎಂಬ ಪೀಡೆಯನ್ನು ಒಬ್ಬಳೇ ಕಟ್ಟಿ ಹಿಡಿದಿದ್ದಾಳೆ. ಹೋಗಿ ಅವಳಿಗೆ ನೆರವಾಗಬೇಕು. ಕಥೆ ಇಷ್ಟೇ. ನಮ್ಮ ಮನೆಗೆ ಸ್ವಿಚ್ ಬಂದದ್ದು ಭಾವನ ಸೂಟ್‌ಕೇಸಿನಲ್ಲಿ, ಪರದೇಶದಿಂದ.

ನಾನು ಇಟ್ಟುಕೊಂಡ ನಿಯಮ ಸುಲಭದ್ದು. ಕಣ್ಣಿಗೆ ಏನು ಕಾಣುತ್ತದೋ ಅಲ್ಲಿಗೆ ಹೋಗುವುದು. ಎತ್ತರದ ಜಾಗ ಹತ್ತಬೇಕು, ದುರ್ಬೀನು ತೆಗೆದು ಸುತ್ತ ನೋಡಬೇಕು, ವಿಚಿತ್ರವಾಗಿ ಕಂಡ ಕಡೆಗೆ ಬಣ್ಣದ ಪಿನ್ ಚುಚ್ಚಬೇಕು. ಒಂದು ಸಲಕ್ಕೆ ಐದೇ ಪಿನ್ ಇಡಲು ಸಾಧ್ಯ. ಅದು ಒಳ್ಳೆಯದೇ ಆಯಿತು, ಯಾವುದು ನಿಜವಾಗಿ ಕುತೂಹಲದ್ದು ಅಂತ ಯೋಚನೆ ಮಾಡಬೇಕಾಗುತ್ತಿತ್ತು. ಯೂಟ್ಯೂಬ್ ಗೈಡ್ ನೋಡಬಾರದು ಅಂತಲೂ ಇತ್ತು. ಇದನ್ನು ನೂರಕ್ಕೆ ನೂರು ಪಾಲಿಸಿದೆ ಅಂತ ಹೇಳಲ್ಲ.

ಈ ಆಟವನ್ನು ಕಣ್ಣಿನಿಂದಲೇ ಆಡಬಹುದು ಅನ್ನುವುದಕ್ಕೆ ಕಾರಣ ಇದೆ. ಮಾಡಿದವರೇ ಆಮೇಲೆ ಅದನ್ನು ವಿವರಿಸಿದ್ದಾರೆ. ಇಲ್ಲಿನ ನೆಲವನ್ನು ಅವರು ತ್ರಿಕೋನಗಳ ಲೆಕ್ಕದಲ್ಲಿ ಕಟ್ಟಿದ್ದಾರೆ. ದೊಡ್ಡ ತ್ರಿಕೋನ ಅಂದರೆ ದೂರದಿಂದ ಗುರುತು ಸಿಗುವ ಬೆಟ್ಟ. ಮಧ್ಯಮ ಗಾತ್ರದ್ದು ಹಿಂದೆ ಇರುವುದನ್ನು ಮರೆ ಮಾಡುವ ಗುಡ್ಡ. ಹತ್ತಿ ಹೋಗ್ತೀರೋ, ಬಳಸಿ ಹೋಗ್ತೀರೋ, ನಿಮ್ಮಿಷ್ಟ. ಎರಡರಲ್ಲಿ ಹೇಗೆ ಹೋದರೂ ಹಿಂದೆ ಅಡಗಿದ್ದದ್ದು ಸ್ವಲ್ಪ ಸ್ವಲ್ಪವೇ ಕಾಣಲು ಶುರುವಾಗುತ್ತದೆ. ಊರಿಂದ ಊರಿಗೆ ಎಷ್ಟು ದೂರ ಇರಬೇಕು ಅಂತ ತಿಳಿಯಲು ಫುಜಿಬಯಾಶಿ ತಮ್ಮ ಕ್ಯೋಟೊ ನಗರದ ನಕ್ಷೆಯನ್ನೇ ಆಟದ ನಕ್ಷೆಯ ಮೇಲೆ ಇಟ್ಟು ನೋಡಿದ್ದರಂತೆ. ಮೂಲೆಯ ಮ್ಯಾಪ್ ನೋಡುತ್ತಾ ನಡೆಯುವವನಿಗೆ ಈ ಕೆಲಸವೆಲ್ಲ ಅರ್ಧ ವ್ಯರ್ಥ ಅಲ್ವಾ?

ಆಟ ಶುರುವಾಗುವ ಜಾಗವಾದ ಗ್ರೇಟ್ ಪ್ಲಾಟೋ ಮೇಲೆಯೇ ಇದರ ರುಚಿ ಸಿಕ್ಕಿತು. ಮೌಂಟ್ ಹೈಲಿಯಾ ಹತ್ತುವಾಗ ಚಳಿಯ ಮುಳ್ಳು ಪರದೆಯಲ್ಲಿ ಇಲ್ಲವಲ್ಲ, ಲಿಂಕ್‌ನನ್ನೇ ನೋಡಬೇಕು. ಅವನು ಗಡಗಡ ನಡುಗಲು ಶುರು ಮಾಡಿದರೆ ಇನ್ನು ಮುಂದೆ ಹೃದಯ ಕಡಿಮೆಯಾಗುತ್ತದೆ ಅಂತ ಅರ್ಥ. ಅಲ್ಲಿ ಒಬ್ಬ ಮುದುಕ ಇದ್ದಾನೆ, ಅವನ ಗುಡಿಸಲಿನಲ್ಲಿ ಒಂದು ಡೈರಿ ಇದೆ. ಖಾರದ ಮಾಂಸ-ಮೀನಿನ ಅಡುಗೆಯ ವಿಷಯ ಬರೆದಿದ್ದಾನೆ, ಆದರೆ ಏನೇನು ಹಾಕಬೇಕು ಅನ್ನುವುದು ಅವನಿಗೆ ಪೂರ್ತಿ ನೆನಪಿಲ್ಲ. ಸರಿಯಾಗಿ ಮಾಡಿಕೊಟ್ಟರೆ ಬೆಚ್ಚನೆಯ ಅಂಗಿ ಕೊಡುತ್ತಾನೆ. ನಾನು ಅಂಗಿಗೆ ಕಾಯಲಿಲ್ಲ. ಕೈಯಲ್ಲಿ ಉರಿಯುವ ಪಂಜು, ಹೊಟ್ಟೆಗೆ ಬೇಯಿಸಿದ ಮೆಣಸಿನಕಾಯಿ, ಅಷ್ಟರಲ್ಲೇ ತುದಿ ಮುಟ್ಟಿದೆ. ಅಲ್ಲಿ ಮುದುಕ ನಿಂತಿದ್ದ. ಅಂಗಿ ಆಗ ಕೊಟ್ಟ! ಪಂಜಿನಿಂದ ಮೈ ಬಿಸಿಯಾಗುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಂಕಿ ತಾನೇ, ಬಿಸಿ ಇರಲೇಬೇಕು ಅಂತ ಹಿಡಿದುಕೊಂಡು ಹೋದೆ, ಅಷ್ಟೇ.

ಮಳೆಯ ವಿಷಯಕ್ಕೆ ಬಂದರೆ ಜಗಳ ಶುರು. ಈ ಆಟದಲ್ಲಿ ಮಳೆ ಬಂದರೆ ಬಂಡೆ ಜಾರುತ್ತದೆ, ಹತ್ತಲು ಆಗಲ್ಲ. ಇದನ್ನು ಬೈಯುವವರು ಬಹಳ. ನಾನೂ ಬೈದಿದ್ದೇನೆ. ಒಂದು ಸಲ ಬಂಡೆಯ ಕೆಳಗೆ ಬೆಂಕಿ ಹಾಕಿ ಕೂತಿದ್ದಾಗ ಅಮ್ಮ ಬಂದು ನೋಡಿ, "ಇನ್ನೂ ನಿಂತಿಲ್ವೇನೋ ಆ ಮಳೆ?" ಅಂತ ಕೇಳಿ ಒಳಗೆ ಹೋದರು. ಆದರೆ ಝೋರಾ ಜನರ ಊರಿಗೆ ಹೋಗುವ ದಾರಿಯಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಅಲ್ಲಿ ಮಳೆ ನಿಲ್ಲುವುದೇ ಇಲ್ಲ, ವಾ ರೂಟಾ ಎಂಬ ಯಂತ್ರದ ಆನೆ ಸುರಿಸುತ್ತಲೇ ಇರುತ್ತದೆ. ಗುಡ್ಡ ಹತ್ತಿ ಅಡ್ಡದಾರಿ ಹಿಡಿಯುವವರಿಗೂ ಬೇರೆ ಗತಿಯಿಲ್ಲ, ನದಿ ಪಕ್ಕದ ರಸ್ತೆಯಲ್ಲೇ ನಡೆಯಬೇಕು. ಮಿಂಚಿನ ಬಾಣ ಬಿಡುವ ಶತ್ರುಗಳು, ನಡುನಡುವೆ ನೀರಿನಿಂದ ತಲೆಯೆತ್ತಿ ಹುರಿದುಂಬಿಸುವ ರಾಜಕುಮಾರ ಸಿಡಾನ್, ಕೊನೆಗೆ ತಿರುವಿನಾಚೆ ನೀಲಿಯಾಗಿ ಹೊಳೆಯುವ ಊರು. ಒಣ ಬಂಡೆ ಹತ್ತಿ ಹೋಗುವಂತಿದ್ದರೆ ಇದೆಲ್ಲ ತಪ್ಪಿ ಹೋಗುತ್ತಿತ್ತು.

ಗುಡುಗು-ಸಿಡಿಲು ಬೇರೆಯೇ ಮಜಾ. ಲೋಹದ ಕತ್ತಿ, ಗುರಾಣಿ ಬೆನ್ನಿಗಿದ್ದರೆ ಅದರಲ್ಲಿ ಕಿಡಿ ಹಾರಲು ಶುರುವಾಗುತ್ತದೆ. ತಕ್ಷಣ ತೆಗೆಯದಿದ್ದರೆ ಸಿಡಿಲು ನಿಮ್ಮ ಮೇಲೆಯೇ. ಒಂದು ರಾತ್ರಿ ಬೊಕೊಬ್ಲಿನ್ ಎಂಬ ಶತ್ರುಗಳ ಬಿಡಾರದ ಮೇಲಿನ ಬಂಡೆಯಲ್ಲಿ ನಿಂತಿದ್ದೆ. ಕಿಡಿ ಹಾರಿತು. ಆ ಕತ್ತಿಯನ್ನು ಕೆಳಗೆ ಅವರ ನಡುವೆ ಎಸೆದೆ. ಒಬ್ಬ ಖುಷಿಯಿಂದ ಓಡಿ ಬಂದು ಎತ್ತಿಕೊಂಡ. ಮುಂದೆ ಏನಾಯಿತು ಅಂತ ಹೇಳಬೇಕಾಗಿಲ್ಲ. ತಯಾರಕರು ಇದನ್ನು 'ಕೆಮಿಸ್ಟ್ರಿ ಎಂಜಿನ್' ಅಂತ ಕರೆಯುತ್ತಾರೆ. ಬೆಂಕಿ, ನೀರು, ವಿದ್ಯುತ್ತು ಯಾವ ವಸ್ತುವನ್ನು ಹೇಗೆ ಬದಲಾಯಿಸಬೇಕು ಅನ್ನುವ ಕೆಲವೇ ನಿಯಮಗಳು, ಎಲ್ಲರಿಗೂ ಒಂದೇ. ಲಿಂಕ್‌ಗೆ ಬಡಿಯುವ ಸಿಡಿಲು ಶತ್ರುವಿಗೂ ಬಡಿಯುತ್ತದೆ.

ಈಗ ಡ್ರ್ಯಾಗನ್ ಕಥೆ. ಹೈಲಿಯಾ ಸರೋವರದ ಮೇಲೆ ಉದ್ದನೆಯ ಸೇತುವೆ ಇದೆ. ಕುದುರೆ ಮೇಲೆ ದಾಟುತ್ತಿದ್ದೆ. ಹಿನ್ನೆಲೆ ಸಂಗೀತ ಇದ್ದಕ್ಕಿದ್ದಂತೆ ಬದಲಾಯಿತು. ಯಾವುದೋ ದೊಡ್ಡ ಶತ್ರು ಅಂತ ಕತ್ತಿ ಹಿರಿದೆ. ಮೇಲೆ ನೋಡಿದರೆ ಫರೋಶ್. ಹಸಿರು ಮಿಂಚಿನ ಉಂಡೆಗಳನ್ನು ಉದುರಿಸುತ್ತಾ, ಉದ್ದನೆಯ ಮೈಯನ್ನು ಅಲೆಅಲೆಯಾಗಿ ಎಳೆದುಕೊಂಡು ನಿಧಾನವಾಗಿ ಹೋಗುತ್ತಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದರ ಪಾಡಿಗೆ ಅದು ಹೋಯಿತು. ಯಾವ ಸೂಚನೆಯೂ ಇಲ್ಲ, 'ಇದನ್ನು ಕೊಲ್ಲು' ಅಂತ ಪಟ್ಟಿಯೂ ಇಲ್ಲ. ಬೇರೆ ಆಟಗಳಲ್ಲಿ ಇಷ್ಟು ದೊಡ್ಡ ಪ್ರಾಣಿ ಬಂದರೆ ಅದರ ತಲೆಯ ಮೇಲೆ ಜೀವದ ಪಟ್ಟಿಯೂ ಬರುತ್ತದೆ.

ನಾಯ್ಡ್ರಾ ಎಂಬ ಇನ್ನೊಂದು ಡ್ರ್ಯಾಗನ್ ಮಾತ್ರ ನನ್ನನ್ನು ನೋಡಿತು. ಮೌಂಟ್ ಲನಾಯ್ರು ಹತ್ತಿದ್ದು ಬರೀ ಹಟಕ್ಕೆ. ಹಟೇನೊ ಊರಿನಿಂದ ಆ ಹಿಮದ ತುದಿ ಕಾಣುತ್ತಲೇ ಇತ್ತು. ಮೇಲೆ ಹೋದರೆ ಒಂದು ಡ್ರ್ಯಾಗನ್ ನೇರಳೆ ಬಣ್ಣದ ಕೊಳಕು ಮೆತ್ತಿಕೊಂಡು ನರಳುತ್ತಾ ಬಿದ್ದಿದೆ. ಮೈಮೇಲೆ ಅಲ್ಲಲ್ಲಿ ಹಳದಿ ಕಣ್ಣುಗಳು. ಒಂದಕ್ಕೆ ಬಾಣ ಬಿಟ್ಟೆ. ಅದು ಎದ್ದು ಹಾರಿತು, ನಾನೂ ಪ್ಯಾರಾಗ್ಲೈಡರ್ ಬಿಚ್ಚಿ ಹಿಂದೆ ಹಾರಿದೆ. ಗಾಳಿಯಲ್ಲಿರುವಾಗ ಬಿಲ್ಲು ಎಳೆದರೆ ಸಮಯ ನಿಧಾನವಾಗುತ್ತದೆ, ಆದರೆ ಸ್ಟ್ಯಾಮಿನಾ ಸರ್ರನೆ ಇಳಿಯುತ್ತದೆ. ಆದ್ದರಿಂದ ನನ್ನ ಲೆಕ್ಕ ಹೀಗಿತ್ತು: ಗ್ಲೈಡರ್ ಮಡಚು, ಬಿಲ್ಲು ಎಳೆ, ಒಂದೇ ಬಾಣ, ಮತ್ತೆ ಗ್ಲೈಡರ್ ಬಿಚ್ಚು. ಎರಡನೇ ಬಾಣದ ಆಸೆ ಪಡಬಾರದು. ಹಾಗೆ ಒಂದೊಂದೇ ಕಣ್ಣು ಒಡೆಯುತ್ತಾ ಬೆಟ್ಟ ಇಳಿದೆವು. ಕೊನೆಗೆ ಕೊಳಕೆಲ್ಲ ಕಳಚಿ ತಿಳಿನೀಲಿ ಮೈ ಹೊರಗೆ ಬಂತು. ಕಾಪಾಡಿದ ಮೇಲೂ ಅದರ ಮೈಗೆ ಇನ್ನೊಂದು ಬಾಣ ಬಿಟ್ಟು ಒಂದು ಹುರುಪೆ ಉದುರಿಸಬೇಕು, ಆಗಲೇ ಅಲ್ಲಿನ ಗುಡಿಯ ಬಾಗಿಲು ತೆರೆಯುವುದು. ಪಾಪ ಅನ್ನಿಸಿತು.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಈವೆಂಟೈಡ್ ದ್ವೀಪ. ನಕ್ಷೆಯ ಆಗ್ನೇಯ ಮೂಲೆಯಲ್ಲಿ, ಸಮುದ್ರದೊಳಗೆ ಇದೆ. ಕೇಪ್ ಕೇಲ್ಸ್ ಎಂಬ ಬಂಡೆಯ ತುದಿಯಿಂದ ಮಬ್ಬಾಗಿ ಕಂಡಿತು. ಪಿನ್ ಚುಚ್ಚಿದೆ. ಈಜಿದರೆ ಮುಳುಗುವುದು ಗ್ಯಾರಂಟಿ, ಅಷ್ಟು ದೂರ. ಸ್ಟ್ಯಾಮಿನಾ ತುಂಬುವ ಅಡುಗೆಗಳನ್ನು ಜಾಸ್ತಿ ಮಾಡಿಟ್ಟುಕೊಂಡು ಬಂಡೆಯಿಂದ ಹಾರಿದೆ. ಗ್ಲೈಡರ್ ಹಿಡಿದ ಕೈ ಸೋಲುವ ಹೊತ್ತಿಗೆ ಆಟ ನಿಲ್ಲಿಸಿ ತಿನ್ನುವುದು, ಮತ್ತೆ ತೇಲುವುದು.

ದಡಕ್ಕೆ ಕಾಲಿಟ್ಟ ಕೂಡಲೇ ಒಂದು ದನಿ ಕೇಳುತ್ತದೆ. ಕತ್ತಿ, ಬಿಲ್ಲು, ಗುರಾಣಿ, ಬಟ್ಟೆ, ಊಟ, ಎಲ್ಲ ಕಿತ್ತುಕೊಳ್ಳುತ್ತದೆ. ಲಿಂಕ್ ಚಡ್ಡಿಯಲ್ಲಿ ನಿಲ್ಲುತ್ತಾನೆ. ಮೂರು ಗುಂಡು ಹುಡುಕಿ ಮೂರು ಪೀಠಗಳ ಮೇಲೆ ಇಡಬೇಕು. ಅಲ್ಲಿಯವರೆಗೆ ಕೂಡಿಸಿದ್ದ ಆಯುಧಗಳ ಮೇಲೆ ನನಗೆ ವಿಪರೀತ ಮೋಹ ಇತ್ತು. ಮುರಿಯುತ್ತವೆ ಅಂತ ಒಳ್ಳೆಯವನ್ನು ಬಳಸುತ್ತಲೇ ಇರಲಿಲ್ಲ. ಇಲ್ಲಿ ಯಾವುದೂ ಇಲ್ಲ. ಲಿಂಕ್ ಹತ್ತಿರ ಇರುವ ಶೇಕಾ ಸ್ಲೇಟ್ ಎಂಬ ಮಾಯಾ ಫಲಕದ ಬಾಂಬು, ಅಯಸ್ಕಾಂತ ಮಾತ್ರ ಉಳಿದಿವೆ. ಮರದ ಕೊಂಬೆ, ಅಣಬೆ, ದಡಕ್ಕೆ ಬಿದ್ದ ಸಾಮಾನು ಆರಿಸಿಕೊಂಡೆ. ಶತ್ರುಗಳು ಮಲಗುವವರೆಗೆ ಹುಲ್ಲಿನಲ್ಲಿ ಕೂತೆ. ಸದ್ದಿನ ಅಳತೆಯೂ ಪರದೆಯಲ್ಲಿ ಇಲ್ಲವಲ್ಲ, ಕಿವಿಯಿಂದಲೇ ಅಂದಾಜು ಮಾಡುತ್ತಾ ತೆವಳಿದೆ. ಒಬ್ಬ ಮಲಗಿದ್ದವನ ಈಟಿ ಕದ್ದೆ. ಆ ಈಟಿ ಸಿಕ್ಕಾಗ ಆದ ಸಂತೋಷ ಯಾವ ಮಾಂತ್ರಿಕ ಕತ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಒಂದು ಗುಂಡು ಮಲಗಿರುವ ಹೈನಾಕ್ಸ್ ಎಂಬ ಒಕ್ಕಣ್ಣಿನ ದೈತ್ಯನ ಕೊರಳಲ್ಲಿದೆ. ಹೊಡೆದಾಡಿದರೆ ಎರಡೇ ಏಟಿಗೆ ನನ್ನ ಕಥೆ ಮುಗಿಯುತ್ತಿತ್ತು. ಅವನ ಅಂಗೈ ಮೇಲೆ ಹತ್ತಿ ನಿಂತೆ. ನಿದ್ದೆಗಣ್ಣಿನಲ್ಲಿ ಅವನು ಹೊಟ್ಟೆ ಕೆರೆದುಕೊಳ್ಳಲು ಕೈ ಎತ್ತುತ್ತಾನೆ, ಆಗ ನಾವೂ ಹೊಟ್ಟೆಯ ಮೇಲೆ! ಅಲ್ಲಿಂದ ಮೆಲ್ಲಗೆ ನಡೆದು ಗುಂಡು ಎತ್ತಿಕೊಂಡೆ. ಮೂರನೆಯದು ಇಟ್ಟ ಮೇಲೆ ಗುಡಿ ಮೇಲೆದ್ದಿತು, ಸಾಮಾನೆಲ್ಲ ವಾಪಸ್ ಬಂತು. ಅದಾದ ಮೇಲೆ ಆಯುಧ ಕೂಡಿಡುವ ಚಾಳಿ ಬಿಟ್ಟೆ. ಕತ್ತಿ ಮುರಿಯುವುದರ ಬಗ್ಗೆ ಗೊಣಗುವವರಿಗೆಲ್ಲ 'ಮೊದಲು ಈವೆಂಟೈಡ್‌ಗೆ ಹೋಗಿ ಬಾ' ಅನ್ನುತ್ತೇನೆ.

ಸದ್ದುಗದ್ದಲವಿಲ್ಲದ ಗಳಿಗೆಗಳೂ ಇವೆ. ಟ್ಯಾರಿ ಟೌನ್ ಅಂಥದ್ದು. ಹಟೇನೊದಲ್ಲಿ ಬೋಲ್ಸನ್ ಎಂಬ ಮೇಸ್ತ್ರಿಯಿಂದ ಹಳೆ ಮನೆ ಕೊಂಡರೆ, ಅವನ ಕೆಲಸಗಾರ ಹಡ್ಸನ್ ಹೊಸ ಊರು ಕಟ್ಟಲು ಅಕ್ಕಲಾ ಸೀಮೆಗೆ ಹೋಗುತ್ತಾನೆ. ಅವರ ಕಂಪನಿಯಲ್ಲಿ ಹೆಸರಿನ ಕೊನೆಗೆ 'ಸನ್' ಇರುವವರಿಗೆ ಮಾತ್ರ ಜಾಗ. ಹಾಗಾಗಿ ಬೇರೆ ಬೇರೆ ಜನಾಂಗದ ಗೆರುಡೊ ದರ್ಜಿ ರಾಂಡ್ಸನ್, ಗೊರಾನ್ ಗ್ರೇಸನ್, ರಿಟೊ ಫೈಸನ್, ಝೋರಾ ಕ್ಯಾಪ್ಸನ್ ಇವರನ್ನೆಲ್ಲ ದೇಶದ ನಾಲ್ಕೂ ಮೂಲೆಯಿಂದ ಹುಡುಕಿ ಕಳಿಸಬೇಕು. ಜೊತೆಗೆ ಕಟ್ಟಿಗೆ ಹೊರೆಗಳು. ಮರಗಳಿಗೆ ಬಾಂಬು ಇಟ್ಟೇ ಕಟ್ಟಿಗೆ ಕೂಡಿಸಿದೆ. ಒಬ್ಬೊಬ್ಬರು ಬಂದು ಸೇರಿದ ಹಾಗೂ ಊರಿನ ಹಾಡಿಗೆ ಅವರವರ ನಾಡಿನ ವಾದ್ಯ ಸೇರಿಕೊಳ್ಳುತ್ತದೆ. ಮೂರನೆಯವರು ಬಂದ ಮೇಲೆಯೇ ನನಗೆ ಇದು ಗಮನಕ್ಕೆ ಬಂದದ್ದು. ಕೊನೆಗೆ ಹಡ್ಸನ್‌ಗೂ ರಾಂಡ್ಸನ್‌ಗೂ ಮದುವೆ. ಕ್ಯಾಪ್ಸನ್ ಪುರೋಹಿತ.

ನೆನಪುಗಳನ್ನು ಹುಡುಕುವ ಕೆಲಸವೂ ನನ್ನ ರೀತಿಗೆ ಸರಿಯಾಗಿ ಹೊಂದಿತು. ಸ್ಲೇಟಿನಲ್ಲಿ ಜೆಲ್ಡಾ ನೂರು ವರ್ಷ ಹಿಂದೆ ತೆಗೆದ 12 ಫೋಟೊ ಇವೆ. ಆ ಜಾಗ ಎಲ್ಲಿ ಅಂತ ಯಾವ ಬಾಣದ ಗುರುತೂ ತೋರಿಸಲ್ಲ. ಹಿಂದಿನ ಬೆಟ್ಟದ ಅಂಚು ನೋಡಿ ಗುರುತು ಹಿಡಿಯಬೇಕು. ಲಾಯಗಳ ಹತ್ತಿರ ಸಿಗುವ ಪಿಕಾಂಗೊ ಎಂಬ ಚಿತ್ರಕಾರ ಸುಳಿವು ಕೊಡುತ್ತಾನೆ, ನಾನು ಕೇಳಿದ್ದು ಕಡಿಮೆ. ಎಲ್ಲ ಸಿಕ್ಕ ಮೇಲೆ ಇಂಪಾ ಎಂಬ ಮುದುಕಿ ತೋರಿಸುವ ಇನ್ನೊಂದು ಚಿತ್ರ ಇದೆ. ಅದು ಬ್ಲ್ಯಾಚರಿ ಬಯಲಿನದು. ಕೆಟ್ಟು ಕೂತ ಗಾರ್ಡಿಯನ್ ಯಂತ್ರಗಳ ಆ ಬಯಲಿನಲ್ಲಿ ನಾನು ಎಷ್ಟೋ ಸಲ ಓಡಾಡಿ ಬಿಡಿಭಾಗ ಹೆಕ್ಕಿದ್ದೆ. ಲಿಂಕ್ ಕುಸಿದು ಬಿದ್ದದ್ದು, ಜೆಲ್ಡಾಳ ಶಕ್ತಿ ಎಚ್ಚರವಾದದ್ದು ಅಲ್ಲಿಯೇ ಅಂತ ಗೊತ್ತಾದಾಗ ಗಂಟಲು ಕಟ್ಟಿತು.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲು ಬಂದಿಲ್ಲ. ವಾ ರೂಟಾ ಸೇರಿದಂತೆ ನಾಲ್ಕು ದೈವಿಕ ಯಂತ್ರಪ್ರಾಣಿಗಳ ಒಳಭಾಗ ಎಲ್ಲ ಒಂದೇ ಥರ ಕಾಣುತ್ತದೆ, ಕೊನೆಗೆ ಬರುವ ಶತ್ರುಗಳೂ ಅಷ್ಟೇ. ಕೈಯಲ್ಲಿನ ಕಂಟ್ರೋಲರ್ ಓರೆ ಮಾಡಿ ಗೋಲಿ ಉರುಳಿಸುವ ಮ್ಯಾಮ್ ಅಗಾನಾ ಗುಡಿಯನ್ನು ಯಾರು ಯೋಚಿಸಿದರೋ! ತಾಳ್ಮೆ ಕೆಟ್ಟು ಕಂಟ್ರೋಲರನ್ನು ಪೂರ್ತಿ ಬೋರಲು ಹಾಕಿದೆ. ಚಕ್ರವ್ಯೂಹವೂ ತಲೆಕೆಳಗಾಯಿತು. ಹಿಂಭಾಗ ಸಪಾಟು, ಗೋಡೆಯೇ ಇಲ್ಲ. ಗೋಲಿಯನ್ನು ಅದರ ಮೇಲೆ ಬೀಳಿಸಿಕೊಂಡು ಸುಮ್ನೆ ಆಚೆಗೆ ಎಸೆದು ಮುಗಿಸಿದೆ.

ಗ್ಯಾನನ್ ಜೊತೆಗಿನ ಕಾಳಗಕ್ಕಿಂತ ಕೋಟೆ ಹತ್ತಿದ್ದೇ ಚೆನ್ನಾಗಿತ್ತು. ಗೆದ್ದ ಮೇಲೆ ಆಟ ನಿಮ್ಮನ್ನು ಕಾಳಗಕ್ಕೆ ಮುಂಚಿನ ಹೊತ್ತಿಗೆ ವಾಪಸ್ ಬಿಡುತ್ತದೆ, ಸೇವ್ ಫೈಲಿನ ಮೇಲೆ ಒಂದು ನಕ್ಷತ್ರ ಮಾತ್ರ ಹೊಸದು. 2017ರ ಜೂನ್‌ನಲ್ಲಿ ಬಂದ ಡಿಎಲ್‌ಸಿಯಲ್ಲಿ, ಅಂದರೆ ಆಟಕ್ಕೆ ಆಮೇಲೆ ಸೇರಿಸಿದ ಹೆಚ್ಚುವರಿ ಭಾಗದಲ್ಲಿ, 'ಹೀರೋಸ್ ಪಾತ್' ಎಂಬ ಸೌಲಭ್ಯ ಸಿಕ್ಕಿತು. ಕೊನೆಯ 200 ಗಂಟೆ ನೀವು ಎಲ್ಲೆಲ್ಲಿ ನಡೆದಿರಿ ಅನ್ನುವುದನ್ನು ನಕ್ಷೆಯ ಮೇಲೆ ಹಸಿರು ಗೆರೆಯಾಗಿ ತೋರಿಸುತ್ತದೆ. ನನ್ನ ಗೆರೆ ನೆಕ್ಲೂಡಾ, ಲನಾಯ್ರು ಕಡೆ ಜೇಡರಬಲೆ. ವಾಯವ್ಯದ ಹೆಬ್ರಾ ಬೆಟ್ಟಗಳು ಮಾತ್ರ ಪೂರ್ತಿ ಖಾಲಿ. ಬಿಳಿ ಹಿಮದಲ್ಲಿ ಕಣ್ಣಿಗೆ ಏನೂ ಕಾಣಲ್ಲ, ಹಾಗಾಗಿ ಪಿನ್ ಚುಚ್ಚಲು ಏನೂ ಸಿಕ್ಕಿರಲಿಲ್ಲ. ಈಗ ಅಲ್ಲಿಯೇ ಇದ್ದೇನೆ. ಸೆಲ್ಮಿ ಎಂಬಾಕೆ ಗುರಾಣಿ ಮೇಲೆ ನಿಂತು ಜಾರುವ ಪಂದ್ಯ ಇಟ್ಟಿದ್ದಾಳೆ, ನಾನಿನ್ನೂ ಗೆದ್ದಿಲ್ಲ.